ಶಾಲು ಹೊದಿಸುವ ಮೊದಲು

(ಶಿಕಾರಿಪುರ ಸೀಮೆಯ ಒಂದು ಹಳ್ಳಿ. ಪುನರ್ವಸು ಮಳೆ. ಪ್ರೌಢಶಾಲೆಯ ಸಮಾಜ ವಿಜ್ಞಾನದ ಟೀಚರ್ ಒಬ್ಬರು, ಸೇನೆಯಲ್ಲಿ ಲಾರಿ ಓಡಿಸಿ ನಿವೃತ್ತರಾದ ಹವಾಲ್ದಾರರ ಮನೆ ಜಗುಲಿಗೆ ಬಂದಿದ್ದಾರೆ.)

ಹವಾಲ್ದಾರ್: ಬನ್ನಿ ಮೇಡಂ, ಕೊಡೆ ಅಲ್ಲೇ ಒರಗಿಸಿ. 26ನೇ ತಾರೀಕಿಗೆ ಕರೆಯೋಕೆ ಬಂದಿರ್ತೀರಿ.

ಟೀಚರ್: ಗೊತ್ತಾಗಿಬಿಡ್ತಾ ಸರ್?

ಹವಾಲ್ದಾರ್: ಜುಲೈ ಬಂದ್ರೆ ಊರಿಗೆ ನಾನು ನೆನಪಾಗ್ತೀನಿ. ಆಗಸ್ಟ್ 15ಕ್ಕೆ ಇನ್ನೊಂದು ಸಲ. ಆಮೇಲೆ ಯಾರ ಮನೇಲಾದ್ರೂ ಮದುವೆ ಇದ್ದು ಮಿಲಿಟರಿ ಕ್ಯಾಂಟೀನ್ ಕೋಟಾ ಬೇಕಾದಾಗ. ಒಂದು ಕಡೆ ನನಗೆ ಶಾಲು ಹೊದಿಸಿದ ಮಹನೀಯರು ವೇದಿಕೆ ಇಳಿಯೋ ಮೊದಲೇ ಕಿವಿ ಹತ್ರ ಬಂದು, "ಈ ತಿಂಗಳ ಬಾಟ್ಲಿ ತಗೊಂಡಾಯ್ತಾ?" ಅಂತ ಕೇಳಿದ್ರು.

ಟೀಚರ್: ನಮ್ಮಲ್ಲಿ ಹಾಗಾಗಲ್ಲ ಸರ್. ಕಾರ್ಗಿಲ್ ವಿಜಯ ದಿವಸ ಚೆನ್ನಾಗಿ ಮಾಡಬೇಕು ಅಂತ ಹೆಡ್‌ಮಾಸ್ಟ್ರು ಹೇಳಿದ್ದಾರೆ. ನೀವು ಮುಖ್ಯ ಅತಿಥಿ.

ಹವಾಲ್ದಾರ್: ಚೆನ್ನಾಗಿ ಅಂದ್ರೆ ಏನೇನಿರುತ್ತೆ?

ಟೀಚರ್: ಪ್ರಾರ್ಥನೆ, ದೀಪ ಬೆಳಗೋದು, ಎಸ್‌ಡಿಎಂಸಿ ಅಧ್ಯಕ್ಷರ ಮಾತು, ನಿಮಗೆ ಸನ್ಮಾನ, ಮಕ್ಕಳ ಭಾಷಣ ಸ್ಪರ್ಧೆ, ದೇಶಭಕ್ತಿ ಗೀತೆ. ಕೊನೇಲಿ ಒಂದು ರೂಪಕ.

ಹವಾಲ್ದಾರ್: ರೂಪಕದಲ್ಲಿ ಪ್ಲಾಸ್ಟಿಕ್ ಬಂದೂಕು ಇರುತ್ತಾ?

ಟೀಚರ್: ಇದ್ದೇ ಇರುತ್ತೆ. ಟೈಗರ್ ಹಿಲ್ ಹತ್ತೋ ದೃಶ್ಯ ಇದೆ. ಬೆಂಚಿನ ಮೇಲೆ ಬೆಂಚು ಇಟ್ಟು ಹಸಿರು ತಾಡಪಾಲು ಹೊದಿಸ್ತಾರೆ.

ಹವಾಲ್ದಾರ್: ಪಾಕಿಸ್ತಾನದ ಸೈನಿಕರು ಯಾರಾಗ್ತಾರೆ?

ಟೀಚರ್: ಯಾಕೆ ಸರ್?

ಹವಾಲ್ದಾರ್: ಸುಮ್ನೆ ಕೇಳಿದೆ. ನಾನು ನೋಡಿದ ಅಷ್ಟೂ ರೂಪಕದಲ್ಲಿ ಆ ಪಾತ್ರಕ್ಕೆ ಕ್ಲಾಸಿನಲ್ಲಿ ಯಾರಿಗೂ ಬೇಡವಾದ ಹುಡುಗರೇ ಸಿಗ್ತಾರೆ. ಮಾರ್ಕ್ಸ್ ಕಮ್ಮಿ ಬರೋನು, ತಂಟೆ ಮಾಡೋನು, ಇಲ್ಲಾ ಹೆಸರು ನೋಡಿ ಹಾಕ್ತಾರೆ. ಆ ಹುಡುಗ ಒಂದು ವಾರ ಬೀದೀಲಿ ಒದೆ ತಿಂತಾನೆ. ನೆನಪು ಮಾಡ್ಕೊಳ್ಳೋಕೆ ಅಂತ ಶುರು ಮಾಡಿ ಅದನ್ನ ಕಲಿಸಿಬಿಟ್ರೆ ಹೇಗೆ?

ಟೀಚರ್: ರೂಪಕ ಬಿಡೋಣ ಅಂದ್ರೆ ಮಕ್ಕಳಿಗೆ ಉಳಿಯೋದು ಭಾಷಣ ಸರ್. ಮಳೇಲಿ ಸೋರೋ ಹಾಲ್‌ನಲ್ಲಿ ಎರಡು ಗಂಟೆ ಭಾಷಣ ಕೇಳಿಸಿದ್ರೆ ಅವರು ಯೋಧರನ್ನ ಗೌರವಿಸಲ್ಲ, ಶಪಿಸ್ತಾರೆ. ಹದಿಮೂರು ವರ್ಷದ ಮಕ್ಕಳಿಗೆ ಕೈಗೆ, ಕಾಲಿಗೆ ಏನಾದರೂ ಕೆಲಸ ಬೇಕು. ಬರೀ ಕಿವಿ ಸಾಲಲ್ಲ.

ಹವಾಲ್ದಾರ್: ಅದು ನಿಜ. ಕೆಲಸ ಕೊಡಿ. ಆದ್ರೆ ಕೊಲ್ಲೋ ನಟನೆ ಬೇಡ.

ಟೀಚರ್: ಹೋದ ಸಲ ನೀವು ಮಾತಾಡಿದಾಗ ಮಕ್ಕಳು ಏನು ಕೇಳಿದ್ರು?

ಹವಾಲ್ದಾರ್: "ಎಷ್ಟು ಜನರನ್ನ ಹೊಡೆದ್ರಿ ಅಂಕಲ್?" ಎಲ್ಲ ಕಡೇನೂ ಅದೇ ಮೊದಲನೇ ಪ್ರಶ್ನೆ. ನಾನು ಎ.ಎಸ್.ಸಿ., ಅಂದ್ರೆ ಸೇನೆಗೆ ಸಾಮಾನು ಸಾಗಿಸೋ ಪಡೆಯ ಡ್ರೈವರ್. ಯುದ್ಧ ನಡೆದಷ್ಟು ದಿನ ಶ್ರೀನಗರದಿಂದ ದ್ರಾಸ್ ಕಡೆಗೆ ಲಾರಿ ಓಡಿಸಿದೆ. ಒಬ್ಬರನ್ನೂ ಹೊಡೆದಿಲ್ಲ ಮರಿ ಅಂದೆ. ಹುಡುಗನ ಮುಖ ಸಪ್ಪಗಾಯ್ತು. ನಿರೂಪಣೆ ಮಾಡ್ತಿದ್ದ ಮೇಷ್ಟ್ರು ಮೈಕ್ ತಗೊಂಡು, "ನಮ್ಮ ಹವಾಲ್ದಾರರು ವಿನಯವಂತರು, ಹೇಳ್ಕೊಳ್ಳೋದಿಲ್ಲ" ಅಂದುಬಿಟ್ರು! ಎಲ್ಲ ಚಪ್ಪಾಳೆ. ನಾನು ಇದ್ದದ್ದು ಹೇಳಿದ್ರೂ ಸುಳ್ಳಾಯ್ತು.

ಟೀಚರ್: ಲಾರಿ ಓಡಿಸಿದ್ದನ್ನೇ ಹೇಳಬಹುದಿತ್ತಲ್ಲ. ಆ ರಸ್ತೆ ಸುಲಭದ್ದೇನೂ ಅಲ್ಲ ಅಂತ ಓದಿದ್ದೀನಿ.

ಹವಾಲ್ದಾರ್: ಸುಲಭ ಎಲ್ಲಿ ಬಂತು? ದ್ರಾಸ್‌ನಲ್ಲಿ ರಸ್ತೆ ಬುಡದಲ್ಲಿದೆ, ತೋಲೋಲಿಂಗ್ ಬೆಟ್ಟ ಮೇಲಿದೆ. ಮೇಲೆ ಕೂತವನಿಗೆ ನಮ್ಮ ಒಂದೊಂದು ಗಾಡಿನೂ ಕಾಣುತ್ತೆ. ಅವರಿಗೆ ಬೇಕಾಗಿದ್ದೂ ಅದೇ, ಲೇಹ್‌ಗೆ ಹೋಗೋ ಈ ರಸ್ತೆ ಮುಚ್ಚೋದು. ಅದಕ್ಕೇ ರಾತ್ರಿ ಹೋಗ್ತಿದ್ವಿ, ಹೆಡ್‌ಲೈಟ್ ಹಾಕಂಗಿಲ್ಲ. ಒಂದು ಕಡೆ ಬಂಡೆ, ಇನ್ನೊಂದು ಕಡೆ ಹೊಳೆ. ಮುಂದಿನ ಗಾಡಿ ಎಲ್ಲಿದೆ ಅಂತ ಅದರ ಇಂಜಿನ್ ಸದ್ದಿನ ಮೇಲೆ ತಿಳ್ಕೋಬೇಕು. ಜೂನ್ 13ಕ್ಕೆ ತೋಲೋಲಿಂಗ್ ನಮ್ಮ ಕೈಗೆ ಬಂದ ಮೇಲೆ ಸ್ವಲ್ಪ ಉಸಿರಾಡೋ ಹಂಗಾಯ್ತು. ಜುಲೈ 4ಕ್ಕೆ ಟೈಗರ್ ಹಿಲ್. ಪೇಪರಿನಲ್ಲಿ ಬೆಟ್ಟದ ಹೆಸರು ಬಂತು, ಸರಿ. ಆದ್ರೆ ಬೋಫೋರ್ಸ್ ತೋಪಿಗೆ ಶೆಲ್ ತಾನಾಗೇ ನಡ್ಕೊಂಡು ಹೋಗಲ್ಲ ಮೇಡಂ.

ಟೀಚರ್: ಇದನ್ನೇ ಮಕ್ಕಳಿಗೆ ಹೇಳಿ ಅಂತ ಕೇಳೋಕೆ ನಾನು ಬಂದಿರೋದು.

ಹವಾಲ್ದಾರ್: ಮೇಲೆ ಹೋಗುವಾಗ ಶೆಲ್ ಲೋಡು. ಇಳಿಯುವಾಗ ಖಾಲಿ ಪೆಟ್ಟಿಗೆ. ಒಂದೆರಡು ಸಲ ಖಾಲಿ ಇರ್ತಿರ್ಲಿಲ್ಲ. ಅದನ್ನೂ ಹೇಳಬೇಕಾ?

ಟೀಚರ್: ...

ಹವಾಲ್ದಾರ್: ನೋಡಿ, ನಿಮಗೇ ಮಾತು ಬರಲಿಲ್ಲ.

ಟೀಚರ್: ಹತ್ತನೇ ಕ್ಲಾಸಿನವರಿಗೆ ಹೇಳಬಹುದು ಅಂತ ನನ್ನ ಅಭಿಪ್ರಾಯ. ಐದನೇ ಕ್ಲಾಸಿನ ಮಕ್ಕಳೂ ಕೂತಿದ್ರೆ ಬೇಡ. ಎಲ್ಲರನ್ನೂ ಒಂದೇ ಹಾಲ್‌ನಲ್ಲಿ ತುಂಬಿ ಒಂದೇ ಕಥೆ ಹೇಳೋ ಪದ್ಧತಿಯೇ ಸರಿಯಿಲ್ಲ. ಆದರೆ ಪೂರ್ತಿ ಮುಚ್ಚಿಟ್ಟರೆ ಯುದ್ಧ ಅಂದ್ರೆ ಧ್ವಜ ಹಾರಿಸೋ ಫೋಟೋ ಮಾತ್ರ ಅಂದ್ಕೊಂಡು ದೊಡ್ಡವರಾಗ್ತಾರೆ. ಆ ಯುದ್ಧದಲ್ಲಿ ಮಡಿದ ನಮ್ಮವರು 527 ಜನ. ಪರಮವೀರ ಚಕ್ರ ಪಡೆದ ನಾಲ್ವರ ಹೆಸರು ಮಕ್ಕಳಿಗೆ ಬಾಯಿಪಾಠ ಇದೆ. ಬತ್ರಾ, ಪಾಂಡೆ, ಯಾದವ್, ಸಂಜಯ್ ಕುಮಾರ್. ಮಿಕ್ಕವರು?

ಹವಾಲ್ದಾರ್: ಆ ನಾಲ್ವರಲ್ಲಿ ಇಬ್ಬರು ಬದುಕಿ ಬಂದವರು ಅಂತ ನಿಮ್ಮ ಮಕ್ಕಳಿಗೆ ಗೊತ್ತಾ? ಒಂದು ಭಾಷಣ ಸ್ಪರ್ಧೇಲಿ ಒಬ್ಬ ಹುಡುಗ ಯೋಗೇಂದ್ರ ಸಿಂಗ್ ಯಾದವ್ ಅವರಿಗೆ ಕಣ್ಣೀರು ಹಾಕಿ ಶ್ರದ್ಧಾಂಜಲಿ ಹೇಳಿಬಿಟ್ಟ. ಅವನಿಗೇ ಮೊದಲನೇ ಬಹುಮಾನ.

ಟೀಚರ್: ಅಯ್ಯೋ!

ಹವಾಲ್ದಾರ್: ನಾನು ನಗಲಿಲ್ಲ. ಎದ್ದು ಹೇಳ್ಲೂ ಇಲ್ಲ. ಬಹುಮಾನ ಕೊಟ್ಟವನೇ ನಾನು.

ಟೀಚರ್: ಅದು ಬರೀ ಆ ಹುಡುಗನ ತಪ್ಪಲ್ಲ. ಈಗ ವೀರ ಗಾಥಾ ಅಂತ ಇದೆ ನೋಡಿ. 2021ರಲ್ಲಿ ರಕ್ಷಣಾ ಸಚಿವಾಲಯ, ಶಿಕ್ಷಣ ಸಚಿವಾಲಯ ಸೇರಿ ಶುರು ಮಾಡಿದ್ದು. ಮೂರನೇ ಕ್ಲಾಸಿನಿಂದ ಹನ್ನೆರಡರವರೆಗೆ ಮಕ್ಕಳು ಶೌರ್ಯ ಪ್ರಶಸ್ತಿ ಪಡೆದವರ ಮೇಲೆ ಪದ್ಯ, ಪ್ರಬಂಧ, ಚಿತ್ರ ಮಾಡಿ ಕಳಿಸಬೇಕು. ಗೆದ್ದವರನ್ನ ಗಣರಾಜ್ಯೋತ್ಸವಕ್ಕೆ ದೆಹಲಿಗೆ ಕರೀತಾರೆ. ಈಗ ಕೋಟಿಗೂ ಮೀರಿ ಮಕ್ಕಳು ಭಾಗವಹಿಸ್ತಾರೆ. ಯೋಜನೆ ಒಳ್ಳೇದೇ. ಆದರೆ ಶಾಲೆಗೆ ಬಂದು ತಲುಪೋದು ಕೊನೆಯ ದಿನಾಂಕದ ಹಿಂದಿನ ದಿನ. "ಅಪ್‌ಲೋಡ್ ಆಯ್ತಾ?" ಅಂತ ಫೋನ್ ಮೇಲೆ ಫೋನ್. ಮಕ್ಕಳು ಮೊಬೈಲ್‌ನಲ್ಲಿ ಸಿಕ್ಕಿದ್ದನ್ನ ಇಳಿಸ್ತಾರೆ, ನಾವು ಫೋಟೋ ತೆಗೆದು ಏರಿಸ್ತೀವಿ.

ಹವಾಲ್ದಾರ್: ಪ್ರಶಸ್ತಿ ಬಂದವರ ಮೇಲೆ ಮಾತ್ರ ಬರೀಬೇಕಾ?

ಟೀಚರ್: ಹೂಂ, ಮುಖ್ಯವಾಗಿ ಅವರೇ.

ಹವಾಲ್ದಾರ್: ಹಂಗಾದ್ರೆ ಅಡುಗೆಯವನು, ವೈರ್‌ಲೆಸ್‌ನವನು, ಹೇಸರಗತ್ತೆ ಹಿಡ್ಕೊಂಡು ಬೆಟ್ಟ ಹತ್ತಿದವನು ಯಾರೂ ಇಲ್ಲ. ಮೊಟ್ಟಮೊದಲು ಸುದ್ದಿ ಕೊಟ್ಟವನು ಸೈನಿಕನೇ ಅಲ್ಲ ಮೇಡಂ! ಗರ್ಕೋನ್ ಅನ್ನೋ ಹಳ್ಳಿಯ ದನಗಾಹಿ, ತಾಶಿ ನಮ್ಗ್ಯಾಲ್ ಅಂತ. 1999ರ ಮೇ ತಿಂಗಳ ಶುರುವಿನಲ್ಲಿ ಕಳೆದುಹೋದ ಯಾಕ್ ಹುಡುಕ್ಕೊಂಡು ಗುಡ್ಡ ಹತ್ತಿದಾಗ ಅಲ್ಲಿ ಕಲ್ಲು ಪೇರಿಸ್ತಿದ್ದ ಜನ ಕಂಡ್ರು. ಇಳಿದು ಬಂದು ನಮ್ಮ ಪೋಸ್ಟಿಗೆ ಹೇಳಿದ. ದ್ರಾಸ್, ಕಾರ್ಗಿಲ್ ಕಡೆ ಹಳ್ಳಿಯವರು ಮನೆ ಮಠ ಶೆಲ್ಲಿಗೆ ಬಿಟ್ಟು ಹೋದ್ರು, ಕೆಲವರು ಹಿಂದೆ ಉಳಿದು ನಮ್ಮ ಸಾಮಾನು ಹೊತ್ರು. ಅವರಿಗೆ ಯಾವ ಊರಿನಲ್ಲಿ ಶಾಲು ಹಾಕ್ತಾರೆ?

ಟೀಚರ್: ಇದು ನಮ್ಮ ಮಕ್ಕಳಿಗೆ ಚೆನ್ನಾಗಿ ಅರ್ಥ ಆಗುತ್ತೆ. ಕೆರೆ ಏರಿ ಹತ್ರ ಮೂರು ವೀರಗಲ್ಲು ಇದಾವಲ್ಲ, ಅದರಲ್ಲಿ ಒಂದು ದನ ಬಿಡಿಸ್ಕೊಂಡು ಬರೋಕೆ ಹೋಗಿ ಸತ್ತವನದು.

ಹವಾಲ್ದಾರ್: ಅದು ದನದ ಜಗಳದ್ದಾ? ನಾನು ರಾಜರ ಯುದ್ಧ ಅಂದ್ಕೊಂಡಿದ್ದೆ.

ಟೀಚರ್: ಕೆಳಗಿನ ಪಟ್ಟಿಕೆಯಲ್ಲಿ ಹಸುಗಳ ಸಾಲು ಇದೆ, ನೋಡಿ. ಬಟ್ಟೆ ಒಗೆದು ಒಗೆದು ಸವೆದುಹೋಗಿದೆ, ಆದ್ರೂ ಕೋಡು ಕಾಣುತ್ತೆ. ನಮ್ಮ ಈ ಶಿಕಾರಿಪುರ, ಸೊರಬದ ಕಡೆ ಇಂಥ ಕಲ್ಲು ಹೆಜ್ಜೆಗೊಂದು. ಕೆಳಗೆ ಹೋರಾಟ, ನಡುವೆ ಅಪ್ಸರೆಯರು ಅವನನ್ನ ಕರ್ಕೊಂಡು ಹೋಗೋದು, ಮೇಲೆ ಅವನು ಲಿಂಗದ ಮುಂದೆ ಕೂತಿರೋದು. ಸತ್ತವರು ಎಷ್ಟೋ ಸಲ ದೊಡ್ಡ ದಂಡನಾಯಕರಲ್ಲ, ಊರಿನ ಗೌಡ, ದನ ಕಾಯೋನು, ಇಲ್ಲಾ ಹುಲಿ ಹಂದಿ ಬೇಟೆಗೆ ಹೋದವನು. ಮಂಡ್ಯ ಜಿಲ್ಲೆಯ ಆತಕೂರಿನಲ್ಲಿ ಹತ್ತನೇ ಶತಮಾನದ ಒಂದು ಕಲ್ಲು ಇತ್ತು. ಕಾಳಿ ಅನ್ನೋ ಬೇಟೆ ನಾಯಿ ಹಂದಿ ಜತೆ ಹೋರಾಡಿ ಸತ್ತದ್ದಕ್ಕೆ ನೆಟ್ಟದ್ದು. ಈಗ ಬೆಂಗಳೂರಿನ ಮ್ಯೂಸಿಯಂನಲ್ಲಿದೆ.

ಹವಾಲ್ದಾರ್: ನಾಯಿಗೂ ಕಲ್ಲು! ನಮ್ಮ ಹೇಸರಗತ್ತೆಗೆ ಹೇಳಬೇಕು.

ಟೀಚರ್: ಇನ್ನೊಂದು ವಿಷಯ ಸರ್. ಆಗಿನವರು ಕಲ್ಲು ನೆಟ್ಟು ಕೈ ತೊಳ್ಕೊಳ್ತಿರಲಿಲ್ಲ. ಮಡಿದವನ ಮನೆಯವರಿಗೆ ಗದ್ದೆನೋ ಹೊಲನೋ ಬಿಡೋರು. ನೆತ್ತರುಗೊಡಗೆ ಅಂತ ಶಾಸನದಲ್ಲಿ ಬರುತ್ತೆ. ಎಷ್ಟೋ ಕಲ್ಲಿನ ಮೇಲೆ ಗೌರವದ ಮಾತು ಎರಡು ಸಾಲು, ಮಿಕ್ಕಿದ್ದು ಭೂಮಿಯ ಲೆಕ್ಕ.

ಹವಾಲ್ದಾರ್: ಆ ಲೆಕ್ಕ ಈಗಲೂ ಮಕ್ಕಳಿಗೆ ಹೇಳಿ. ಡಿಸೆಂಬರ್ 7ಕ್ಕೆ ಧ್ವಜ ದಿನ ಅಂತ ಶಾಲೇಲಿ ಕೆಂಪು, ಕಡುನೀಲಿ, ತಿಳಿನೀಲಿ ಪಟ್ಟೆಯ ಚೀಟಿ ಕೊಟ್ಟು ದುಡ್ಡು ಎತ್ತುತ್ತೀರಲ್ಲ, 1949ರಿಂದ ನಡೆದು ಬಂದದ್ದು. ನನ್ನ ಮೊಮ್ಮಗಳು ಬಂದು, "ತಾತ, ಸ್ಟಿಕರ್‌ಗೆ 10 ರೂಪಾಯಿ ಕೊಡು, ತರದಿದ್ರೆ ಮೇಡಂ ಬೈತಾರೆ" ಅಂದ್ಲು. ಯಾಕೆ ಮರಿ ಅಂದ್ರೆ ಗೊತ್ತಿಲ್ಲ. ಗಂಡ ಸತ್ತ ಹೆಂಗಸರಿಗೆ, ಕೈಕಾಲು ಕಳ್ಕೊಂಡವರಿಗೆ, ಅವರ ಮಕ್ಕಳ ಓದಿಗೆ ಹೋಗೋ ದುಡ್ಡು ಅದು. ಮಗುಗೆ ಅದು ಪರೀಕ್ಷೆ ಫೀಸಿನ ಥರ ಕಾಣ್ತು.

ಟೀಚರ್: ನನ್ನ ಶಾಲೆಯಲ್ಲಿ ಹಾಗೆ ಬೈಯಲ್ಲ ಸರ್.

ಹವಾಲ್ದಾರ್: ನಿಮಗೆ ಹೇಳಿದ್ದಲ್ಲ, ಬಿಡಿ. ಜಿಲ್ಲಾ ಕೇಂದ್ರದಲ್ಲಿ ಸೈನಿಕ ಕಲ್ಯಾಣ ಇಲಾಖೆ ಆಫೀಸಿದೆ. ಒಂದು ಸಲ ಮಕ್ಕಳನ್ನ ಅಲ್ಲಿಗೆ ಕರ್ಕೊಂಡು ಹೋಗಿ. ಬೆಂಚಿನ ಮೇಲೆ ಫೈಲ್ ಹಿಡ್ಕೊಂಡು ಕೂತಿರೋ ಹೆಂಗಸರನ್ನ ನೋಡಲಿ. ಪೆನ್ಷನ್ ಕಾಗದದಲ್ಲಿ ಹೆಸರಿನ ಒಂದು ಅಕ್ಷರ ತಪ್ಪಿದ್ರೆ ಏನೇನು ಅಲೆದಾಟ ಅಂತ ಗೊತ್ತಾಗುತ್ತೆ.

ಟೀಚರ್: ಅದು ಪ್ರವಾಸ ಪಟ್ಟಿಗೆ ಸೇರಿಸೋಕೆ ಹೆಡ್‌ಮಾಸ್ಟ್ರು ಒಪ್ಪಲ್ಲ. ಜೋಗ ಅಂದ್ರೆ ಒಪ್ಪುತ್ತಾರೆ.

ಹವಾಲ್ದಾರ್: ಜೋಗಕ್ಕೆ ಹೋಗೋ ದಿನವೇ ಸುತ್ತು ಹಾಕಿ, ಅಲ್ಲಿ ಅರ್ಧ ಗಂಟೆ ಇಳಿಸಿ!

ಟೀಚರ್: ಬೇರೆ ದೇಶದ ಶಾಲೇಲಿ ಹೇಗೆ ನೆನಪು ಮಾಡ್ಕೊಳ್ತಾರೆ ಕೇಳಿ ಸರ್. ನನ್ನ ತಮ್ಮ ಕೆನಡಾದಲ್ಲಿದ್ದಾನೆ, ಟೊರೊಂಟೊ ಹತ್ರ. ಅವನ ಮಗಳ ಶಾಲೆಯಲ್ಲಿ ನವೆಂಬರ್ 11ಕ್ಕೆ ಎಲ್ಲ ಮಕ್ಕಳೂ ಎದೆಯ ಎಡಗಡೆ ಕೆಂಪು ಗಸಗಸೆ ಹೂವಿನ ಬಿಲ್ಲೆ ಚುಚ್ಕೊಂಡು ಹೋಗ್ತಾರೆ. 1918ರಲ್ಲಿ ಮೊದಲನೇ ಮಹಾಯುದ್ಧ ನಿಂತ ದಿನ. ಅವತ್ತು ಅವರ ಪ್ರಾಂತದಲ್ಲಿ ಶಾಲೆಗೆ ರಜೆ ಇಲ್ಲ. ಅದೇ ಒಳ್ಳೇದಾಗಿದೆ ಅಂತೀನಿ ನಾನು. ರಜೆ ಕೊಟ್ಟಿದ್ರೆ ಮಕ್ಕಳು ಮನೇಲಿ ಮಲಗಿರ್ತಿದ್ರು. 11 ಗಂಟೆಗೆ ಬ್ಯೂಗಲ್, ಎರಡು ನಿಮಿಷ ಮೌನ, ಆಮೇಲೆ ಪಾಠ. ಹುಡುಗಿ ಮನೆಗೆ ಬಂದು ಅಪ್ಪನ್ನ ಕೇಳಿದ್ಲಂತೆ, "ನಮ್ಮ ಮನೆಯಿಂದ ಯುದ್ಧಕ್ಕೆ ಯಾರು ಹೋಗಿದ್ರು?" ಅಂತ. ಅವನಿಗೆ ಉತ್ತರ ಗೊತ್ತಿಲ್ಲ. ನನಗೆ ಫೋನ್ ಮಾಡಿದ.

ಹವಾಲ್ದಾರ್: ನಿಮಗೆ ಗೊತ್ತಿತ್ತಾ?

ಟೀಚರ್: ನಮ್ಮ ಮನೆಯಿಂದ ಯಾರೂ ಇಲ್ಲ ಅಂತ ಕಾಣುತ್ತೆ. ಆದ್ರೆ ಅದೇ ಯುದ್ಧಕ್ಕೆ ಮೈಸೂರಿನ ಕುದುರೆ ಪಡೆ ಹೋಗಿತ್ತು ಅಂತ ಹೇಳಿದೆ. 1918ರ ಸೆಪ್ಟೆಂಬರ್ 23, ಹೈಫಾ ಊರು. ಜೋಧಪುರದ ಲ್ಯಾನ್ಸರ್‌ಗಳು, ಮೈಸೂರು ಲ್ಯಾನ್ಸರ್‌ಗಳು ಭರ್ಜಿ ಹಿಡಿದು ಮಷಿನ್ ಗನ್ನಿನ ಎದುರಿಗೆ ಕುದುರೆ ಓಡಿಸಿದ್ರು. ದೆಹಲಿಯ ತೀನ್ ಮೂರ್ತಿಯಲ್ಲಿ ನಿಂತಿರೋ ಮೂರು ಪ್ರತಿಮೆಗಳಲ್ಲಿ ಒಂದು ಮೈಸೂರಿನದು. ಹೈದರಾಬಾದಿನದು ಇನ್ನೊಂದು. 2018ರಲ್ಲಿ ಆ ವೃತ್ತಕ್ಕೆ ಹೈಫಾ ಹೆಸರನ್ನೂ ಸೇರಿಸಿದ್ರು. ಬೆಂಗಳೂರಿನ ಜೆ.ಸಿ. ನಗರದಲ್ಲಿ ಲ್ಯಾನ್ಸರ್‌ಗಳ ಸ್ಮಾರಕ ಇದೆ, ಪಕ್ಕದಲ್ಲೇ ಓಡಾಡೋ ಎಷ್ಟು ಜನಕ್ಕೆ ಗೊತ್ತೋ! ಹೈಫಾದಲ್ಲಿ ಈ ಕಥೆಯನ್ನ ಶಾಲಾ ಪಾಠದಲ್ಲಿ ಸೇರಿಸೋಕೆ ನಗರಾಡಳಿತವೇ ಮುಂದಾಯ್ತು.

ಹವಾಲ್ದಾರ್: ಅವರು ಸತ್ತದ್ದು ಯಾರಿಗೋಸ್ಕರ? ಬ್ರಿಟಿಷರ ಯುದ್ಧ ತಾನೇ?

ಟೀಚರ್: ಆ ಪ್ರಶ್ನೆ ಮಕ್ಕಳು ಕೇಳಬೇಕು ಅಂತಲೇ ನನ್ನ ಆಸೆ. ಗೌರವಿಸೋದು, ಪ್ರಶ್ನೆ ಕೇಳೋದು ಎರಡೂ ಒಟ್ಟಿಗೆ ಆಗಬಾರದಾ? ದಂಡಿಗೆ ಸೇರಿದವನಿಗೆ ಸಂಬಳ ಬೇಕಿತ್ತು, ರಾಜ ಕಳಿಸಿದ, ಹೋದ. ಅವನ ಧೈರ್ಯ ಸುಳ್ಳಾಗಲ್ಲ. ಯುದ್ಧ ಯಾರಿಗೆ ಬೇಕಿತ್ತು ಅನ್ನೋದು ಬೇರೆ ಲೆಕ್ಕ.

ಹವಾಲ್ದಾರ್: ವೇದಿಕೆ ಮೇಲೆ ಇದನ್ನ ಹೇಳಿದ್ರೆ ಅಧ್ಯಕ್ಷರು ಮುಖ ಸಿಂಡರಿಸ್ತಾರೆ.

ಟೀಚರ್: ಅದಕ್ಕೇ ಕ್ಲಾಸಿನಲ್ಲಿ ಹೇಳ್ತೀನಿ. ಕೆನಡಾದ ಆ ಎರಡು ನಿಮಿಷದ ಮೌನದ ಬಗ್ಗೆ ಏನಂತೀರಿ? ನಮ್ಮಲ್ಲೂ ಜನವರಿ 30ಕ್ಕೆ, ಹುತಾತ್ಮರ ದಿನ, 11 ಗಂಟೆಗೆ ಎರಡು ನಿಮಿಷ ಇದೆ. ಕಾರ್ಗಿಲ್ ದಿನವೂ ಮಾಡಿಸೋಣ ಅಂತಿದ್ದೀನಿ.

ಹವಾಲ್ದಾರ್: ಮಾಡಿಸಿ. ಅದು ಮಾತ್ರ ಬಿಡಬೇಡಿ. ಆದ್ರೆ ಯಾರಿಗೆ ಅಂತ ಮೊದಲು ಹೇಳಿ. "ಎಲ್ಲ ಹುತಾತ್ಮರಿಗೆ" ಅಂದ್ರೆ ಮಕ್ಕಳು ಕಣ್ಣು ಮುಚ್ಚಿ ಎಣಿಸ್ತಿರ್ತಾರೆ, ನೂರಿಪ್ಪತ್ತು ಸೆಕೆಂಡು ಯಾವಾಗ ಮುಗಿಯುತ್ತೆ ಅಂತ. ಒಂದು ಹೆಸರು ಹೇಳಿ, ಊರು ಹೇಳಿ, ಏನಾಯ್ತು ಹೇಳಿ, ಆಮೇಲೆ ನಿಲ್ಲಿಸಿ. ದೆಹಲಿಯ ರಾಷ್ಟ್ರೀಯ ಯುದ್ಧ ಸ್ಮಾರಕಕ್ಕೆ ಹೋಗಿದ್ದೆ. 2019ರಲ್ಲಿ ತೆರೆದಾಗ 25,942 ಹೆಸರು ಗೋಡೆಗಳ ಮೇಲೆ ಕೆತ್ತಿದ್ರು. ಪದಕ ಇದ್ದವರು ಇಲ್ಲದವರು ಅಂತ ಭೇದ ಇಲ್ಲ, ಒಂದೊಂದು ಹೆಸರಿಗೆ ಒಂದೊಂದು ಕಲ್ಲು. ಅಲ್ಲಿಗೆ ಬಂದ ಶಾಲೆ ಮಕ್ಕಳು ಗಲಾಟೆ ಮಾಡ್ಕೊಂಡೇ ಬಂದ್ರು. ಒಬ್ಬ ಮೇಷ್ಟ್ರು, ನಿಮ್ಮ ಹೆಸರಿನವರು ಯಾರಾದ್ರೂ ಇದ್ದಾರಾ ಹುಡುಕಿ ಅಂದ್ರು. ಮಕ್ಕಳು ಗೋಡೆಗೆ ಅಂಟಿಕೊಂಡುಬಿಟ್ರು.

ಟೀಚರ್: ಇದನ್ನ ನಾನು ಕದೀತೀನಿ.

ಹವಾಲ್ದಾರ್: ಹೆಸರಿನ ವಿಷಯಕ್ಕೆ ಇನ್ನೊಂದು ಹೇಳ್ತೀನಿ. ಸಿಯಾಚಿನ್‌ನಲ್ಲಿ 2016ರ ಫೆಬ್ರುವರಿ 3ಕ್ಕೆ ಹಿಮ ಕುಸಿದು ಮದ್ರಾಸ್ ರೆಜಿಮೆಂಟಿನ ಹತ್ತು ಜನ ಹೂತುಹೋದ್ರು. ಹನುಮಂತಪ್ಪ ಕೊಪ್ಪದ ಆರು ದಿನ ಆದಮೇಲೂ ಜೀವ ಹಿಡ್ಕೊಂಡಿದ್ರು, ಕುಂದಗೋಳ ಕಡೆ ಬೆಟದೂರಿನವರು. ದೇಶವೆಲ್ಲ ಟಿವಿ ಮುಂದೆ ಕೂತಿತ್ತು. 11ಕ್ಕೆ ದೆಹಲಿಯಲ್ಲಿ ತೀರ್ಕೊಂಡ್ರು. ಆ ಹತ್ತು ಜನರಲ್ಲಿ ಇನ್ನೂ ಇಬ್ಬರು ನಮ್ಮವರೇ. ಹಾಸನದ ತೇಜೂರಿನ ಸುಬೇದಾರ್ ನಾಗೇಶ, ಎಚ್.ಡಿ. ಕೋಟೆ ಕಡೆಯ ಸಿಪಾಯಿ ಮಹೇಶ. ಅವರ ಹೆಸರು ಯಾವ ಶಾಲೇಲಿ ಕೇಳಿದ್ರೂ ಬರಲ್ಲ. ಮತ್ತೆ, ಅಲ್ಲಿ ಶತ್ರು ಗುಂಡು ಹಾರಿಸ್ಲಿಲ್ಲ. ಸಿಯಾಚಿನ್‌ನಲ್ಲಿ ಗುಂಡಿಗಿಂತ ಚಳಿ, ಹಿಮ, ಉಸಿರಿನ ತೊಂದರೆ ಹೆಚ್ಚು ಜನರನ್ನ ತಗೊಂಡಿದೆ. ಪ್ಲಾಸ್ಟಿಕ್ ಬಂದೂಕು ಹಿಡಿಯೋ ಮಗುಗೆ ಇದನ್ನ ಹೆಂಗೆ ಹೇಳ್ತೀರಿ? ಹಿಮದ ಪಾತ್ರ ಯಾರು ಮಾಡ್ತಾರೆ?

ಟೀಚರ್: ಸೈನ್ಯದಲ್ಲಿದ್ದು ಮಡಿದ ಪಕ್ಕದೂರಿನ ಆ ಹುಡುಗನ ಮನೆ ಗೊತ್ತಲ್ಲ ನಿಮಗೆ. ನಮ್ಮ ಶಾಲೆಯಲ್ಲೇ ಓದಿದವನು. ಅವನ ತಾಯಿಯನ್ನೂ ಕರೀಬೇಕು ಅಂತ ಅಧ್ಯಕ್ಷರು ಹೇಳ್ತಿದ್ದಾರೆ.

ಹವಾಲ್ದಾರ್: ಬೇಡ.

ಟೀಚರ್: ಗೌರವ ಅಲ್ವಾ ಸರ್?

ಹವಾಲ್ದಾರ್: ಆ ಅಮ್ಮನ್ನ ವರ್ಷಾ ವರ್ಷಾ ಒಂದಲ್ಲ ಒಂದು ಕಡೆ ವೇದಿಕೆ ಹತ್ತಿಸ್ತಾರೆ. ಫೋಟೋಕ್ಕೆ ಹಾರ ಹಾಕಿಸ್ತಾರೆ. "ವೀರಮಾತೆ ಎರಡು ಮಾತಾಡಬೇಕು" ಅಂತ ಮೈಕ್ ಬಾಯಿಗೆ ಹಿಡೀತಾರೆ. ಅವರು ಅಳ್ತಾರೆ. ಮೊಬೈಲ್‌ಗಳು ಮೇಲೆ ಏಳ್ತಾವೆ. ಹೋದ ಸಲ ನಾನು ಪಕ್ಕದಲ್ಲೇ ಕೂತಿದ್ದೆ. ನನಗೆ ಮಾತ್ರ ಕೇಳೋ ಹಂಗೆ, "ಬಸ್ ಎಷ್ಟೊತ್ತಿಗಪ್ಪಾ?" ಅಂದ್ರು. ಅವರಿಗೆ ಇಷ್ಟ ಇದೆಯಾ ಅಂತ ಮೊದಲು ಹೋಗಿ ಕೇಳಿ. ಇದ್ರೆ ಕರೀರಿ. ಇಲ್ಲದಿದ್ರೆ ಬಿಟ್ಟುಬಿಡಿ.

ಟೀಚರ್: ಕೇಳಿದ್ದೀನಿ ಸರ್. ಮೊನ್ನೆ ಹೋಗಿದ್ದೆ.

ಹವಾಲ್ದಾರ್: ಏನಂದ್ರು?

ಟೀಚರ್: ಬರೋದು ಬರ್ತೀನಿ, ಮಾತಾಡು ಅನ್ನಬೇಡಿ ಅಂದ್ರು. ಮಗನ ಶಾಲೆಯ ದಾಖಲೆ ಏನಾದ್ರೂ ಇದ್ದರೆ ತೋರಿಸ್ತೀರಾ ಅಂತ ಕೇಳಿದ್ರು. ನಾನು ಅಡ್ಮಿಷನ್ ರಿಜಿಸ್ಟರ್ ತೆಗೆದು ಹುಡುಕಿದೆ. ಒಂಬತ್ತನೇ ಕ್ಲಾಸಿಗೆ ಸೇರಿದ ದಿನ, ಅಪ್ಪನ ಹೆಬ್ಬೆಟ್ಟು, ಮೈಮೇಲಿನ ಗುರುತು ಅನ್ನೋ ಕಾಲಂನಲ್ಲಿ "ಎಡ ಮೊಣಕೈ ಮೇಲೆ ಮಚ್ಚೆ" ಅಂತ ಇದೆ. ಆ ಪುಟದ ಜೆರಾಕ್ಸ್ ಮಾಡಿ ಕೊಡೋಣ ಅಂತ. ಅದನ್ನ ನೋಡ್ತಾ ನೋಡ್ತಾ ಹೊಳೀತು, ಮಕ್ಕಳಿಗೆ ಕೊಡೋ ಕೆಲಸ ಇದೇ. ಹಳೇ ರಿಜಿಸ್ಟರ್‌ಗಳ ಹೆಸರು ಪಟ್ಟಿ ಮಾಡಿ, ಮನೆಮನೆಗೆ ಹೋಗಿ ಯಾರು ಸೈನ್ಯಕ್ಕೆ ಹೋದ್ರು, ಯಾವ ಪಡೆ, ಎಲ್ಲೆಲ್ಲಿ ಇದ್ರು, ಈಗ ಏನು ಮಾಡ್ತಿದ್ದಾರೆ ಅಂತ ಕೇಳಿ ಬರೆಯೋದು. ಇಬ್ಬಿಬ್ಬರು ಹೋಗಬೇಕು. ಒಬ್ಬರು ಕೇಳೋದು, ಒಬ್ಬರು ಬರೆಯೋದು.

ಹವಾಲ್ದಾರ್: ಎಲ್ಲರೂ ನಿಜ ಹೇಳಲ್ಲ ಮೇಡಂ. ನಮ್ಮಲ್ಲಿ ಜಂಭ ಕೊಚ್ಚೋರು ಇದ್ದಾರೆ. ಪುಣೆ ಡಿಪೋದಿಂದ ಆಚೆ ಹೋಗದೆ ಕಾರ್ಗಿಲ್ ಕಥೆ ಹೇಳೋರು ಗೊತ್ತು ನನಗೆ.

ಟೀಚರ್: ಹೇಳಲಿ. ಪಡೆಯ ಹೆಸರು, ವರ್ಷ, ಊರು ತಾಳೆ ನೋಡೋದನ್ನೂ ಕಲೀತಾರೆ. ಇಲ್ಲೇ ಬಿ.ಎಲ್. ರೈಸ್ ಅನ್ನೋ ಇಂಗ್ಲಿಷಿನವರು ಊರೂರು ತಿರುಗಿಸಿ ಶಾಸನ ಓದಿಸಿ 1902ರಲ್ಲಿ ನಮ್ಮ ತಾಲ್ಲೂಕಿನ ಸಂಪುಟ ಅಚ್ಚು ಹಾಕಿಸಿದ್ರು. ಎಪಿಗ್ರಾಫಿಯಾ ಕರ್ನಾಟಿಕಾ, ಏಳನೇ ಸಂಪುಟ. ಕಲ್ಲು ಒಗೆಯೋ ಬಂಡೆ ಆದ್ಮೇಲೂ ಅದರ ಮೇಲಿದ್ದ ಹೆಸರು ಪುಸ್ತಕದಲ್ಲಿ ಉಳೀತು. ನಮ್ಮ ಮಕ್ಕಳು ಬರೆದದ್ದೂ ಒಂದು ನೋಟ್‌ಬುಕ್ಕಿನಲ್ಲಿ ಶಾಲೆಯ ಬೀರುವಿನಲ್ಲಿ ಇರಲಿ. ಮುಂದಿನ ವರ್ಷದವರು ಮುಂದುವರಿಸಲಿ.

ಹವಾಲ್ದಾರ್: ಪಂಚಾಯಿತಿ ಮುಂದೆ 2023ರಲ್ಲಿ ಒಂದು ಶಿಲಾಫಲಕ ಹಾಕಿದ್ರಲ್ಲ, ನನ್ನ ಮಣ್ಣು ನನ್ನ ದೇಶ ಅಂತ. ದೇಶದಾದ್ಯಂತ ಹಾಕಿದ್ರು. ಅದರ ಎದುರಿಗೇ ಈಗ ಬೈಕ್ ನಿಲ್ಲಿಸ್ತಾರೆ.

ಟೀಚರ್: ಅದನ್ನೂ ಮಕ್ಕಳ ಒಂದು ಜೋಡಿಗೆ ಹಂಚ್ತೀನಿ. ಅದರ ಮೇಲೆ ಏನು ಬರೆದಿದೆ, ಯಾರ ಹೆಸರು ಬಿಟ್ಟುಹೋಗಿದೆ ಅಂತ ನೋಡಿ ಬರಲಿ. ಅರ್ಜಿ ಬರೆಯೋದು ಕನ್ನಡ ಪರೀಕ್ಷೆಗೆ ಇದ್ದೇ ಇದೆ, ಪಂಚಾಯಿತಿಗೇ ನಿಜವಾದ ಅರ್ಜಿ ಬರೀಲಿ.

ಹವಾಲ್ದಾರ್: ಅದು ಮಾತು! ಪಿ.ಡಿ.ಒ. ಉತ್ತರ ಕೊಟ್ರೆ ನನಗೂ ತೋರಿಸಿ.

ಟೀಚರ್: ಹಾಗಾದ್ರೆ ಬರ್ತೀರಾ?

ಹವಾಲ್ದಾರ್: ಬರ್ತೀನಿ. ಶಾಲು ಬೇಡ. ಮನೇಲಿ ಶಾಲು ಒಂದು ಗಂಟು ಇದೆ, ನಮ್ಮ ಮನೆಯವರು ಬಾಣಂತಿಯರಿಗೆ ಹಂಚ್ತಾ ಇದ್ದಾರೆ. ಹಾಲ್‌ನಲ್ಲೂ ಬೇಡ. ಎಂಟು, ಒಂಬತ್ತು, ಹತ್ತು, ಒಂದೊಂದು ಕ್ಲಾಸಿಗೆ ನಾನೇ ಬರ್ತೀನಿ. ಮೆಡಲ್ ತರಲಾ, ಬೇಡವಾ?

ಟೀಚರ್: ಮೆಡಲ್ ತನ್ನಿ ಸರ್, ನೀವು ಬೇಡ ಅಂದ್ರೂ ಮಕ್ಕಳಿಗೆ ಅದು ಬೇಕು. ಹೊಳೆಯೋದನ್ನ ನೋಡಿ ಹತ್ರ ಬರ್ತಾರೆ, ಆಮೇಲೆ ನೀವು ಏನು ಬೇಕಾದ್ರೂ ಹೇಳಿ. ಅದರ ಜತೆಗೆ ಆ ಟ್ರಂಕೂ ತರಬೇಕು, ಅಲ್ಲಿ ಮೂಲೇಲಿ ಇದೆಯಲ್ಲ.

ಹವಾಲ್ದಾರ್: ಈ ಕಪ್ಪು ಟ್ರಂಕಾ? ಇದರಲ್ಲಿ ಈಗ ಬಿತ್ತನೆ ಬೀಜ ಇಟ್ಟಿದ್ದೀವಿ.

ಟೀಚರ್: ಮುಚ್ಚಳದ ಮೇಲೆ ಬಿಳಿ ಬಣ್ಣದಲ್ಲಿ ನಂಬರು, ರ‍್ಯಾಂಕು, ಹೆಸರು ಬರೆದಿದೆ. ಕೆಳಗೆ 56 ಎ.ಪಿ.ಒ. ಅಂತ. ಅದೇನು?

ಹವಾಲ್ದಾರ್: ಸೈನ್ಯದ ಅಂಚೆ. ಊರಿನ ಹೆಸರು ಬರೆಯಂಗಿಲ್ಲ. ನಾನು ಎಲ್ಲೇ ಇದ್ರೂ ಮನೆಯವರು ಅದೇ ವಿಳಾಸಕ್ಕೆ ಇನ್‌ಲ್ಯಾಂಡ್ ಲೆಟರ್ ಹಾಕ್ತಿದ್ರು. ನಾನು ದ್ರಾಸ್ ದಾರೀಲಿ ಇದ್ದೀನಿ ಅಂತ ನನ್ನ ಹೆಂಡತಿಗೆ ಗೊತ್ತಾಗಿದ್ದು ಯುದ್ಧ ಮುಗಿದು ರಜಕ್ಕೆ ಬಂದಾಗ. ಅಲ್ಲೀವರೆಗೂ, "ನಾನು ಕ್ಷೇಮ, ಹಸು ಕರು ಹಾಕ್ತಾ?" ಅಂತ ಬರೀತಿದ್ದೆ.

ಟೀಚರ್: ಆ ಕಾಗದ ಇದ್ದಾವಾ?

ಹವಾಲ್ದಾರ್: ಅವಳ ಹತ್ರ ಇರಬೇಕು. ಕೊಡ್ತಾಳೋ ಇಲ್ಲವೋ. ನೀವೇ ಒಳಗೆ ಹೋಗಿ ಕೇಳಿ, ಹೆಂಗಸರು ಹೆಂಗಸರು ಮಾತಾಡ್ಕೊಳ್ಳಿ. ಅವಳನ್ನೂ ಕರೀರಿ ಶಾಲೆಗೆ. ನಾನು ರಸ್ತೇಲಿದ್ದಾಗ ಇಲ್ಲಿ ಗದ್ದೆ ನಾಟಿ ಮಾಡಿಸಿದವಳು ಅವಳು.

ಟೀಚರ್: ನಿಮ್ಮ ಲಾರಿ ದಾಟ್ತಿದ್ದ ಜೋಜಿಲಾ ಕಣಿವೆ ಬಗ್ಗೆಯೂ ಮಕ್ಕಳಿಗೆ ಹೇಳಬೇಕು ನೀವು. 1948ರ ನವೆಂಬರ್‌ನಲ್ಲಿ ನಮ್ಮ ಕೊಡಗಿನ ತಿಮ್ಮಯ್ಯನವರು ಹನ್ನೊಂದು ಸಾವಿರ ಅಡಿಗೂ ಮೇಲೆ ಟ್ಯಾಂಕ್ ಹತ್ತಿಸಿದ್ದು ಅದೇ ಕಣಿವೆಯಲ್ಲಿ ತಾನೇ?

ಹವಾಲ್ದಾರ್: ಅದೇ. ಟ್ಯಾಂಕು ಹೋಗೋ ಹಂಗೆ ದಾರಿ ಕಡಿದುಕೊಟ್ಟವರು ಮದ್ರಾಸ್ ಸ್ಯಾಪರ್ಸ್, ನಮ್ಮ ಬೆಂಗಳೂರಿನ ಹಲಸೂರು ಕೆರೆ ಪಕ್ಕದವರು. ಜನರಲ್ ಹೆಸರು ಹೇಳುವಾಗ ಅವರನ್ನೂ ಹೇಳ್ತೀನಿ. ಅಲ್ಲಾ ಮೇಡಂ, ಅವತ್ತು ಮಳೆ ಅಂತ ಡಿ.ಸಿ. ಸಾಹೇಬ್ರು ರಜೆ ಕೊಟ್ಟುಬಿಟ್ರೆ?

ಟೀಚರ್: 27ಕ್ಕೆ ಮಾಡೋಣ. ಮೇಲಿನವರಿಗೆ ಫೋಟೋ 26ರದ್ದೇ ಬೇಕು ಅಂತಾರೆ, ಅದನ್ನ ನಾನು ನೋಡ್ಕೊಳ್ತೀನಿ. ಮಕ್ಕಳು ಮೊದಲೇ ಪ್ರಶ್ನೆ ಬರೆದು ಕೊಟ್ಟಿದ್ದಾರೆ. ಓದಲಾ?

ಹವಾಲ್ದಾರ್: ಎಷ್ಟು ಜನರನ್ನ ಹೊಡೆದ್ರಿ ಅಂತ ಎಷ್ಟು ಚೀಟಿ ಇದಾವೆ?

ಟೀಚರ್: ಸುಮಾರು ಇದಾವೆ. ಇದು ನೋಡಿ, ಎಂಟನೇ ಕ್ಲಾಸಿನ ಹುಡುಗ. ಅವರಪ್ಪ ಭತ್ತದ ಲಾರಿ ಓಡಿಸ್ತಾರೆ. "ಅಲ್ಲಿ ಚಳಿಗೆ ಡೀಸೆಲ್ ಗಟ್ಟಿಯಾಗಲ್ವಾ? ಘಾಟಿ ಹತ್ತುವಾಗ ಮೈಲೇಜ್ ಎಷ್ಟು ಬರ್ತಿತ್ತು?"

ಹವಾಲ್ದಾರ್: ಆಗುತ್ತೆ, ಗಟ್ಟಿಯಾಗುತ್ತೆ! ಬೇಸಿಗೇಲಿ ಪರವಾಗಿಲ್ಲ, ಚಳಿಗಾಲದಲ್ಲಿ ಬೆಳಿಗ್ಗೆ ಟ್ಯಾಂಕ್ ಬೆಚ್ಚಗೆ ಮಾಡದೆ ಗಾಡಿ ಸ್ಟಾರ್ಟೇ ಆಗಲ್ಲ. ಮೈಲೇಜ್ ಲೋಡ್ ಇದ್ದಾಗ ಬೇರೆ, ಇಳಿಯುವಾಗ ಬೇರೆ. ಗಾಳಿ ತೆಳು ನೋಡಿ, ಇಂಜಿನ್ನಿಗೂ ಉಸಿರು ಸಾಲಲ್ಲ, ಕಪ್ಪು ಹೊಗೆ ಕಕ್ಕುತ್ತೆ, ಮೊದಲನೇ ಗೇರಲ್ಲೇ ಎಳೀಬೇಕು. ಆ ಹುಡುಗನ ಚೀಟಿ ಇಲ್ಲಿ ಕೊಡಿ. ಇವನಿಗೆ ಮೊದಲು ಕೇಳೋಕೆ ಬಿಡಿ, ಮುಂದಿನ ಬೆಂಚಿನಲ್ಲಿ ಕೂರಿಸಿ. ಅವರಪ್ಪನಿಗೂ ಬಿಡುವಿದ್ರೆ ಬರೋಕೆ ಹೇಳಿ.